ಕರಾವಳಿಯ ಅಲೆ ಅರ್ಧಕ್ಕೇ ನಿಲ್ಲುತ್ತಿದೆ: ಸ್ಲಿಪ್ ಹೆಚ್ಚಿಸಬೇಕಾ, ಅದರ ಜಾಗ ಬದಲಿಸಬೇಕಾ?

ಕಡಲತಳ:
2011ರ ಮಾರ್ಚ್ 11ರ ತೊಹೊಕು ಭೂಕಂಪದ ಸುನಾಮಿಗೆ ಒಂದು ಮಾದರಿ ಕಟ್ಟುತ್ತಿದ್ದೇನೆ. ಫಾಲ್ಟ್ (ಬಂಡೆಗಳು ಜಾರುವ ಬಿರುಕಿನ ಫಲಕ) ಒಂದೇ ಆಯತ. ಉದ್ದ 500 ಕಿ.ಮೀ., ಅಗಲ 200 ಕಿ.ಮೀ., ಸ್ಟ್ರೈಕ್ (ಫಾಲ್ಟ್ ಹಾಯುವ ದಿಕ್ಕು) 200°, ಡಿಪ್ (ಫಾಲ್ಟ್ ಇಳಿಯುವ ಕೋನ) 10°, ರೇಕ್ (ಜಾರಿಕೆಯ ದಿಕ್ಕು) 90°, ಎಲ್ಲ ಕಡೆ ಒಂದೇ ಸಮ 10 ಮೀ. ಸ್ಲಿಪ್ (ಜಾರಿದ ದೂರ). ರಿಜಿಡಿಟಿ (ಬಂಡೆಯ ಬಿಗಿತ) 40 ಗಿಗಾಪಾಸ್ಕಲ್ ಹಿಡಿದರೆ ಮೊಮೆಂಟ್ (ರಿಜಿಡಿಟಿ, ವಿಸ್ತೀರ್ಣ, ಸ್ಲಿಪ್ ಇವುಗಳ ಗುಣಲಬ್ಧ) 4 × 10^22 ನ್ಯೂಟನ್-ಮೀಟರ್, ಮ್ಯಾಗ್ನಿಟ್ಯೂಡ್ 9.0ಕ್ಕೆ ಸರಿಹೋಗುತ್ತದೆ. ಮೇಲಂಚಿನ ಆಳ ಸ್ಲ್ಯಾಬ್2 ಎಂಬ, ಕೆಳಗಿಳಿಯುವ ಭೂಫಲಕಗಳ ಆಳದ ಮಾದರಿಯಿಂದ ತೆಗೆದದ್ದು, 7.5 ಕಿ.ಮೀ. ಫಾಲ್ಟ್ ಜಾರಿದಾಗ ನೆಲ ಎಷ್ಟು ಸರಿಯುತ್ತದೆ ಎಂದು ಹೇಳುವ ಓಕಾಡಾ ಸೂತ್ರದಿಂದ ಬಂದ ಕಡಲತಳದ ಏರಿಳಿತವನ್ನೇ ನೀರಿನ ಮೇಲ್ಮೈಗೆ ಹಾಕಿ ಶ್ಯಾಲೋ-ವಾಟರ್ ಸಮೀಕರಣ (ಉದ್ದ ಅಲೆಗಳ ಚಲನೆಯದು) ಓಡಿಸುತ್ತಿದ್ದೇನೆ.

ದೂರದ ಡಾರ್ಟ್ ಮಾಪಕಗಳಲ್ಲಿ (ಆಳ ಸಾಗರದ ಸುನಾಮಿ ಮಾಪಕಗಳು) ಮೊದಲ ಅಲೆಯ ಎತ್ತರ ಹೆಚ್ಚುಕಮ್ಮಿ ಕೂಡಿಬರುತ್ತದೆ. ಆದರೆ ಈಶಾನ್ಯ ಜಪಾನಿನ ಸಾನ್ರಿಕು ಕರಾವಳಿಯಲ್ಲಿ ಸಮೀಕ್ಷೆಯವರು ಅಳೆದ ಎತ್ತರದ ಅರ್ಧವೂ ಬರುವುದಿಲ್ಲ. ಸ್ಲಿಪ್ 20 ಮೀ. ಮಾಡಿದರೆ ಕರಾವಳಿ ಸ್ವಲ್ಪ ಸುಧಾರಿಸುತ್ತದೆ, ಡಾರ್ಟ್ ಕೆಟ್ಟುಹೋಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆ?

ಅಲೆಗಣಿತ:
ಸ್ಲಿಪ್‌ನ ಒಟ್ಟು ಮೊತ್ತ ಮುಟ್ಟಬೇಡಿ, ಅದನ್ನು ಹಂಚಿರುವ ರೀತಿ ಬದಲಿಸಿ. ದೂರದ ಮಾಪಕಕ್ಕೆ ತಲುಪುವುದು ಮುಖ್ಯವಾಗಿ ಉದ್ದ ಅಲೆ. ಒಟ್ಟು ಎಷ್ಟು ನೀರು ಮೇಲೆದ್ದಿತು ಅನ್ನುವುದು ಅದಕ್ಕೆ ಗೊತ್ತು, ಆ ಉಬ್ಬಿನ ಆಕಾರ ಅಷ್ಟಾಗಿ ಗೊತ್ತಿಲ್ಲ. ಎದುರಿನ ಕರಾವಳಿಗೆ ಮಾತ್ರ ಆಕಾರವೇ ಎಲ್ಲ.

ಇನ್ನೊಂದು ಕಾರಣ ನೀರಿನ ಆಳ. ಗ್ರೀನ್ ನಿಯಮದ ಪ್ರಕಾರ ಅಲೆಯ ಎತ್ತರ ಆಳದ ನಾಲ್ಕನೇ ಮೂಲಕ್ಕೆ ವಿಲೋಮವಾಗಿ ಬೆಳೆಯುತ್ತದೆ. 7000 ಮೀ. ಆಳದ ಟ್ರೆಂಚ್ (ಭೂಫಲಕ ಒಳಗಿಳಿಯುವ ಕಡಲತಳದ ಕಂದಕ) ಮೇಲೆ ಎದ್ದ 1 ಮೀ. ಉಬ್ಬು 10 ಮೀ. ಆಳಕ್ಕೆ ಬರುವಷ್ಟರಲ್ಲಿ ಸುಮಾರು 5 ಪಟ್ಟು ಆಗುತ್ತದೆ. ಅದೇ 1 ಮೀ. ಉಬ್ಬು 500 ಮೀ. ಆಳದಲ್ಲಿ ಎದ್ದಿದ್ದರೆ 2.7 ಪಟ್ಟು ಅಷ್ಟೇ. ಅಂದರೆ ಫಾಲ್ಟ್‌ನ ಆಳದ ಭಾಗದ ಸ್ಲಿಪ್ ಮೊಮೆಂಟ್ ಲೆಕ್ಕಕ್ಕೆ ಪೂರ್ತಿ ಸೇರುತ್ತದೆ, ಸುನಾಮಿಗೆ ಕೊಡುವುದು ಕಡಿಮೆ. ನಿಮ್ಮ 200 ಕಿ.ಮೀ. ಅಗಲದಲ್ಲಿ ಕೆಳಗಿನ ಅರ್ಧ ಹಾಗೇ ಖರ್ಚಾಗುತ್ತಿದೆ.

ಮಾಡಿ ನೋಡಿ: ಟ್ರೆಂಚ್‌ಗೆ ಹೊಂದಿಕೊಂಡು 120 × 50 ಕಿ.ಮೀ. ಪಟ್ಟಿಗೆ 40 ಮೀ. ಸ್ಲಿಪ್ ಕೊಡಿ. ಅಲ್ಲಿನ ರಿಜಿಡಿಟಿ 20 ಗಿಗಾಪಾಸ್ಕಲ್ ಹಿಡಿದರೆ ಅದರ ಮೊಮೆಂಟ್ 4.8 × 10^21, ಒಟ್ಟಿನ ಶೇ. 12 ಮಾತ್ರ. ಉಳಿದ ಭಾಗದ ಸ್ಲಿಪ್ ಅಷ್ಟು ಇಳಿಸಿದರೆ ಮ್ಯಾಗ್ನಿಟ್ಯೂಡ್ 9.0 ಅಲ್ಲೇ ನಿಲ್ಲುತ್ತದೆ, ಕರಾವಳಿಯ ಚಿತ್ರವೇ ಬೇರೆ ಆಗುತ್ತದೆ.

ಗ್ರಿಡ್_ಮೇಸ್ತ್ರಿ:
ಮೇಲಂಚು 7.5 ಕಿ.ಮೀ. ಅಂದಿರಲ್ಲ, ಅದು ಎಲ್ಲಿಂದ ಅಳೆದ ಆಳ? ಮೊದಲು ಅದು ಇತ್ಯರ್ಥ ಆಗಲಿ.

ಕಡಲತಳ:
ಸ್ಲ್ಯಾಬ್2 ಕಡತದಲ್ಲಿ ಟ್ರೆಂಚ್ ಹತ್ತಿರ ಇರುವ ಸಂಖ್ಯೆಯನ್ನೇ ಕೊಟ್ಟಿದ್ದೇನೆ.

ಗ್ರಿಡ್_ಮೇಸ್ತ್ರಿ:
ಹಾಗಿದ್ದರೆ ಸಮಸ್ಯೆಯ ಒಂದು ದೊಡ್ಡ ಪಾಲು ಅಲ್ಲೇ ಇದೆ. ಸ್ಲ್ಯಾಬ್2 ಆಳವನ್ನು ಸಮುದ್ರಮಟ್ಟದಿಂದ ಅಳೆಯುತ್ತದೆ. ಓಕಾಡಾಗೆ ಸೊನ್ನೆ ಅಂದರೆ ಘನ ಭೂಮಿಯ ಮೇಲ್ಮೈ, ಅಂದರೆ ಕಡಲತಳ. ಜಪಾನ್ ಟ್ರೆಂಚ್‌ನಲ್ಲಿ ನೀರೇ 7ರಿಂದ 8 ಕಿ.ಮೀ. ಇದೆ. ನೀರಿನ ಆಳ ಕಳೆಯದೆ ಕೊಟ್ಟರೆ ಕಡಲತಳಕ್ಕೆ ತಾಗಿರಬೇಕಾದ ಫಾಲ್ಟ್ ಬಂಡೆಯೊಳಗೆ 7 ಕಿ.ಮೀ. ಹೂತುಹೋಗುತ್ತದೆ. ಟ್ರೆಂಚ್ ಅಂಚಿನ ಚೂಪಾದ ಉಬ್ಬು ಸವೆದು ಅಗಲವಾದ ದಿಬ್ಬ ಆಗುತ್ತದೆ. ಈ ಸ್ಥಿತಿಯಲ್ಲಿ ಸ್ಲಿಪ್ ಎಷ್ಟು ಹೊಂದಿಸಿದರೂ ಕರಾವಳಿ ಕೂಡುವುದಿಲ್ಲ.

ಇನ್ನೊಂದು ಪರೀಕ್ಷೆ: ಕೋಡ್ ಯಾವ ಬಿಂದುವನ್ನು ಆಧಾರ ಹಿಡಿಯುತ್ತದೆ ನೋಡಿ. ಓಕಾಡಾ ಮೂಲ ಸೂತ್ರದಲ್ಲಿ ಆಳ ಅಂದರೆ ಕೆಳ ಅಂಚಿನದು. ಜಿಯೋಕ್ಲಾ ಎಂಬ ಸುನಾಮಿ ಕೋಡ್‌ನಲ್ಲಿ ಮೇಲಂಚಿನ ನಡುಬಿಂದು, ಆಯತದ ಕೇಂದ್ರ, ಕೆಳ ಅಂಚಿನ ನಡುಬಿಂದು ಹೀಗೆ ಆಯ್ಕೆಗಳಿವೆ. 200 ಕಿ.ಮೀ. ಅಗಲ, 10° ಡಿಪ್ ಇದ್ದಾಗ ಮೇಲಂಚಿಗೂ ಕೆಳ ಅಂಚಿಗೂ ಆಳದಲ್ಲಿ 35 ಕಿ.ಮೀ. ವ್ಯತ್ಯಾಸ. ತಪ್ಪು ಬಿಂದು ಆರಿಸಿದರೂ ಕೋಡ್ ಏನೂ ದೂರದೆ ಓಡುತ್ತದೆ, ಅದೇ ಅಪಾಯ.

ಮುಳುಗುಫಲಕ:
ಸ್ಟ್ರೈಕ್ 200° ಸರಿ ಇದೆ. ಸ್ಟ್ರೈಕ್ ದಿಕ್ಕಿಗೆ ಮುಖಮಾಡಿ ನಿಂತರೆ ಡಿಪ್ ಬಲಗಡೆಗೆ ಇಳಿಯಬೇಕು, ಇಲ್ಲಿ ಅದು ಪಶ್ಚಿಮಕ್ಕೆ ಬರುತ್ತದೆ. 20° ಕೊಟ್ಟಿದ್ದರೆ ಫಲಕ ಸಾಗರದ ಕಡೆಗೆ ಇಳಿಯುತ್ತಿತ್ತು.

ಶಿಲಾಸ್ತರ:
@ಅಲೆಗಣಿತ, ಟ್ರೆಂಚ್‌ಗೆ ತಾಗಿಸಿ 40 ಮೀ. ಸ್ಲಿಪ್ ಇಡುವುದನ್ನು ಎಲ್ಲ ಕಡೆಗೂ ಒಪ್ಪಲಾಗದು. ಮೇಲಿನ 5-10 ಕಿ.ಮೀ.ನಲ್ಲಿ ಇರುವುದು ನೀರು ತುಂಬಿದ ಮೆತ್ತನೆಯ ಜೇಡಿ ಕೆಸರು. ಜಾರುವ ವೇಗ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುವ ಗುಣ ಅದರದು. ಅಂಥ ಜಾಗದಲ್ಲಿ ಬಿರುಕು ಹುಟ್ಟುವುದಿಲ್ಲ, ಕೆಳಗಿನಿಂದ ಬಂದದ್ದೂ ಅಲ್ಲಿ ತಣಿಯಬೇಕು. ಆದ್ದರಿಂದಲೇ ದಶಕಗಳ ಕಾಲ ಮಾದರಿಗಳಲ್ಲಿ ಸ್ಲಿಪ್ ಅನ್ನು ಟ್ರೆಂಚ್ ಕಡೆಗೆ ಸೊನ್ನೆಗೆ ಇಳಿಸುತ್ತಿದ್ದರು.

ಅಲೆಗಣಿತ:
ಆ ನಂಬಿಕೆಯನ್ನು ತೊಹೊಕುವೇ ಮುರಿಯಿತು. ಭೂಕಂಪಕ್ಕೆ ಮೊದಲು ಮತ್ತು ನಂತರ ಒಂದೇ ಗೆರೆಯ ಮೇಲೆ ಅಳೆದ ಕಡಲತಳದ ನಕ್ಷೆಗಳನ್ನು ಹೋಲಿಸಿದಾಗ ಟ್ರೆಂಚ್ ಅಂಚಿನವರೆಗೂ ತಳ ಸುಮಾರು 50 ಮೀ. ಅಡ್ಡಕ್ಕೆ, 10 ಮೀ.ನಷ್ಟು ಮೇಲಕ್ಕೆ ಸರಿದಿತ್ತು. 2012ರಲ್ಲಿ ಚಿಕ್ಯು ಎಂಬ ಕಡಲತಳ ಕೊರೆಯುವ ಹಡಗು ಅಲ್ಲೇ ಫಾಲ್ಟ್ ಅನ್ನು ಕೊರೆದು ನೋಡಿದಾಗ ಸಿಕ್ಕಿದ್ದು 5 ಮೀ.ಗಿಂತ ತೆಳ್ಳಗಿನ, ಸ್ಮೆಕ್ಟೈಟ್ ಎಂಬ ಜಾರುವ ಖನಿಜ ತುಂಬಿದ ಜೇಡಿ ಪದರ. ಅಲ್ಲಿ ಇಳಿಬಿಟ್ಟ ಉಷ್ಣಮಾಪಕಗಳು ಕೊಟ್ಟ ಘರ್ಷಣಾಂಕ 0.1ರ ಆಸುಪಾಸು. ಅಷ್ಟು ನುಣುಪಾದ ಪದರ ಕೆಳಗಿನಿಂದ ಬಂದ ಜಾರಿಕೆಯನ್ನು ತಡೆಯುವುದೆಲ್ಲಿ?

ಶಿಲಾಸ್ತರ:
ಆ ಪುರಾವೆಯ ಬಗ್ಗೆ ತಕರಾರಿಲ್ಲ. ನಿಧಾನ ವೇಗದಲ್ಲಿ ತಡೆಯುವ ಜೇಡಿ ಸೆಕೆಂಡಿಗೆ ಮೀಟರ್‌ನಷ್ಟು ವೇಗ ಬಂದಾಗ ಬಲ ಕಳೆದುಕೊಳ್ಳುತ್ತದೆ, ರಂಧ್ರಗಳ ನೀರು ಬಿಸಿಯಾಗಿ ಒತ್ತಡ ಏರುವುದೂ ಅದಕ್ಕೆ ಸೇರುತ್ತದೆ. ಆದರೆ ಅದನ್ನೇ ಜಗತ್ತಿನ ಎಲ್ಲ ಟ್ರೆಂಚ್‌ಗೂ ಹಚ್ಚಬೇಡಿ. 2005ರ ಮಾರ್ಚ್ 28ರ ನಿಯಾಸ್ ಭೂಕಂಪ ಮ್ಯಾಗ್ನಿಟ್ಯೂಡ್ 8.6. ಸ್ಲಿಪ್ ಹೆಚ್ಚಾಗಿ ಆಳದಲ್ಲಿ, ದ್ವೀಪಗಳ ಕೆಳಗೇ ಉಳಿಯಿತು, ಸುನಾಮಿ ಸಣ್ಣದು. ಅದೇ ಸುಂಡಾ ಟ್ರೆಂಚ್‌ನಲ್ಲಿ, ಇನ್ನಷ್ಟು ದಕ್ಷಿಣಕ್ಕೆ, 2010ರ ಅಕ್ಟೋಬರ್ 25ರ ಮೆಂತವಾಯಿ ಭೂಕಂಪ ಬರೀ 7.8. ಸ್ಲಿಪ್ ಟ್ರೆಂಚ್ ಪಕ್ಕದಲ್ಲಿ, 400ಕ್ಕೂ ಹೆಚ್ಚು ಜನ ಸತ್ತರು. ಮೊಮೆಂಟ್ ಲೆಕ್ಕದಲ್ಲಿ ನಿಯಾಸ್ ಅದರ ಸುಮಾರು 16 ಪಟ್ಟು.

ಅಲೆಗಣಿತ:
ನಾನು ಹೇಳುವುದೂ ಅದನ್ನೇ: ಸ್ಲಿಪ್ ಎಲ್ಲಿದೆ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಮೇಲು. ನಡೆದುಹೋದ ಭೂಕಂಪವಾದರೆ ದತ್ತಾಂಶವೇ ಹೇಳಲಿ, ನಾವು ಮೊದಲೇ ಟ್ರೆಂಚ್‌ನಲ್ಲಿ ಸೊನ್ನೆ ಬರೆದಿಡುವುದು ಬೇಡ. ಮುಂದೆ ಬರಬಹುದಾದದ್ದರ ಅಪಾಯ ಲೆಕ್ಕ ಹಾಕುವಾಗ ಎರಡು ಬಗೆಯನ್ನೂ ಇಟ್ಟುಕೊಂಡು ತೂಕ ಕೊಡಿ.

ನಡುಕ_ಪತ್ರ:
ರಿಜಿಡಿಟಿ ವಿಷಯದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಓಕಾಡಾ ಸೂತ್ರಕ್ಕೆ ಸ್ಲಿಪ್ ಕೊಟ್ಟರೆ ರಿಜಿಡಿಟಿ ಬೇಕೇ ಇಲ್ಲ. ಪಾಯ್ಸನ್ ಅನುಪಾತ (ಎಳೆದಾಗ ವಸ್ತು ಅಡ್ಡಕ್ಕೆ ಕುಗ್ಗುವ ಪ್ರಮಾಣ) ಸಾಕು, ಸಾಮಾನ್ಯವಾಗಿ 0.25. ರಿಜಿಡಿಟಿ ಒಳಬರುವುದು ಮೊಮೆಂಟ್‌ನಿಂದ ಸ್ಲಿಪ್ ತೆಗೆಯುವಾಗ. 600 × 190 ಕಿ.ಮೀ. ಫಾಲ್ಟ್, ಮ್ಯಾಗ್ನಿಟ್ಯೂಡ್ 9.0 ಅಂದುಕೊಳ್ಳಿ. 40 ಗಿಗಾಪಾಸ್ಕಲ್ ಹಾಕಿದರೆ ಸರಾಸರಿ ಸ್ಲಿಪ್ 8.7 ಮೀ., 30 ಹಾಕಿದರೆ 11.6 ಮೀ. ಸುನಾಮಿಯ ಎತ್ತರ ನೇರವಾಗಿ ಮೂರನೇ ಒಂದು ಪಾಲು ಏರಿತು, ಮ್ಯಾಗ್ನಿಟ್ಯೂಡ್ ಮಾತ್ರ ಒಂದಿಂಚೂ ಕದಲಲಿಲ್ಲ. ಟ್ರೆಂಚ್ ಬಳಿಯ ಕೆಸರಿನಲ್ಲಿ ರಿಜಿಡಿಟಿ 10 ಗಿಗಾಪಾಸ್ಕಲ್ ಅಥವಾ ಅದಕ್ಕೂ ಕೆಳಗೆ ಇರಬಹುದು. ಅಲ್ಲಿ ಅದೇ ಮೊಮೆಂಟ್‌ಗೆ ನಾಲ್ಕು ಪಟ್ಟು ಸ್ಲಿಪ್.

ಭೂಕಂಪ ಪತ್ರಗಳಿಂದ ಬರುವ ಮೊಮೆಂಟ್‌ನಲ್ಲೂ ಒಂದು ಸಿಕ್ಕು ಇದೆ. ಮೇಲ್ಮಟ್ಟದ ಥ್ರಸ್ಟ್ (ಒಂದು ಬದಿ ಇನ್ನೊಂದರ ಮೇಲೇರುವ) ಭೂಕಂಪಗಳಲ್ಲಿ ಉದ್ದ ಅವಧಿಯ ಮೇಲ್ಮೈ ಅಲೆಗಳಿಂದ ಸಿಗುವುದು ಮೊಮೆಂಟ್ ಮತ್ತು ಇಮ್ಮಡಿ ಡಿಪ್‌ನ ಸೈನ್, ಇವೆರಡರ ಗುಣಲಬ್ಧ. ಎರಡನ್ನೂ ಬಿಡಿಸುವುದು ಕಷ್ಟ. ಡಿಪ್ 10° ಬದಲು 6° ಅಂತ ತೀರ್ಮಾನಿಸಿದರೆ ಮೊಮೆಂಟ್ 1.64 ಪಟ್ಟಾಗುತ್ತದೆ, ಮ್ಯಾಗ್ನಿಟ್ಯೂಡ್ 0.14 ಏರುತ್ತದೆ. ಆದ್ದರಿಂದ ಒಂದು ಕಡೆಯ ಮೊಮೆಂಟ್ ತಂದು ಇನ್ನೊಂದು ಕಡೆಯ ಡಿಪ್ ಜೊತೆ ಸೇರಿಸಬೇಡಿ. ಎರಡೂ ಒಂದೇ ಪರಿಹಾರದಿಂದ ಬರಬೇಕು.

ಕಡಲತಳ:
ನೀರಿನ ಆಳ ಕಳೆದು ಮತ್ತೆ ಓಡಿಸಿದೆ. ಟ್ರೆಂಚ್ ಅಂಚಿನ ಉಬ್ಬು ಈಗ ಸ್ಪಷ್ಟವಾಗಿ ಕಾಣುತ್ತಿದೆ. ಎರಡು ಪ್ರಶ್ನೆ. ಒಂದು, ಮೇಲಂಚು ಸೊನ್ನೆಗೆ ಬಂದ ಕಡೆ ಕಡಲತಳ ಗೋಡೆಯ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತಿದೆ. ಎರಡು, ಒಂದೊಂದು ಜಾಗದ ನೀರಿನ ಆಳ ಕಳೆದರೆ ಡಿಪ್ ಹೆಚ್ಚಾಗುತ್ತದಲ್ಲ, ಅದು ಸರಿಯಾ?

ಗ್ರಿಡ್_ಮೇಸ್ತ್ರಿ:
ಎರಡನೆಯದು ಒಳ್ಳೆಯ ಪ್ರಶ್ನೆ, ಸಂಖ್ಯೆ ಇಟ್ಟು ನೋಡೋಣ. ಟ್ರೆಂಚ್‌ನಲ್ಲಿ ಫಾಲ್ಟ್ 7.5 ಕಿ.ಮೀ. ಆಳ, ನೀರೂ 7.5. ಅಲ್ಲಿಂದ 100 ಕಿ.ಮೀ. ನೆಲದ ಕಡೆಗೆ ಬಂದರೆ ಫಾಲ್ಟ್ 20 ಕಿ.ಮೀ., ನೀರು 2 ಕಿ.ಮೀ. ಅನ್ನಿ. ಸಮುದ್ರಮಟ್ಟದಿಂದ ನೋಡಿದರೆ ಡಿಪ್ 7.1°. ಕಡಲತಳದಿಂದ ನೋಡಿದರೆ 0ಯಿಂದ 18ಕ್ಕೆ ಇಳಿಯುತ್ತದೆ, 10.2°. ನಡುವಿನ 3.1° ಕಡಲತಳದ್ದೇ ಇಳಿಜಾರು. ಓಕಾಡಾ ಮಾದರಿಯ ಮೇಲ್ಮೈ ಚಪ್ಪಟೆ, ಆ ಇಳಿಜಾರು ಅದಕ್ಕೆ ಗೊತ್ತಿಲ್ಲ.

ಈಗ ತನಿಯೋಕಾ ಮತ್ತು ಸತಾಕೆ 1996ರಲ್ಲಿ ಕೊಟ್ಟ ತಿದ್ದುಪಡಿ ನೆನಪಿಸಿಕೊಳ್ಳಿ. ಇಳಿಜಾರಿನ ಕಡಲತಳ ಅಡ್ಡಕ್ಕೆ ಸರಿದರೆ ಅದೂ ನೀರನ್ನು ಎತ್ತುತ್ತದೆ. ಅಡ್ಡ ಸರಿತವನ್ನು ಇಳಿಜಾರಿನಿಂದ ಗುಣಿಸಿ ಲಂಬ ಏರಿಕೆಗೆ ಕೂಡಿಸಬೇಕು. 50 ಮೀ. ಸ್ಲಿಪ್, 7.1° ಡಿಪ್ ಆದರೆ ಟ್ರೆಂಚ್ ಪಕ್ಕ ಲಂಬ ಪಾಲು ಸುಮಾರು 6.2 ಮೀ., ಇಳಿಜಾರಿನ ಪಾಲು 2.7 ಮೀ., ಒಟ್ಟು 8.9. ಇದನ್ನು ಬಿಟ್ಟು ನೇರ 10.2° ಡಿಪ್ ಹಾಕಿದರೂ 50 ಮೀ.ಗೆ 8.9 ಮೀ. ಬರುತ್ತದೆ. ಅಂದರೆ ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ಎರಡನ್ನೂ ಒಟ್ಟಿಗೆ ಮಾಡಿದರೆ ಇಳಿಜಾರನ್ನು ಎರಡು ಸಲ ಎಣಿಸಿದಂತೆ, 11.6 ಮೀ. ಆಗಿಬಿಡುತ್ತದೆ. ಇದು ಯಾರ ಕಣ್ಣಿಗೂ ಬೀಳದೆ ಉಳಿಯುವ ತಪ್ಪು. ನಿಜವಾದ ಡಿಪ್ ಇಟ್ಟುಕೊಂಡು, ಫಾಲ್ಟ್ ಅನ್ನು ಇಡಿಯಾಗಿ 7.5 ಕಿ.ಮೀ. ಮೇಲೆತ್ತಿ, ಅಡ್ಡ ಸರಿತದ ಪಾಲು ಪ್ರತ್ಯೇಕ ಕೂಡಿಸುವುದು ನನ್ನ ಆಯ್ಕೆ. ಆಗ ನೆಲದ ಕಡೆಯ ಫಾಲ್ಟ್ ಇರಬೇಕಾದ್ದಕ್ಕಿಂತ ಕೆಲವು ಕಿ.ಮೀ. ಮೇಲೆ ಬಂದಿರುತ್ತದೆ ನಿಜ, ಆದರೆ ಆಳದ ಭಾಗದ ಉಬ್ಬು ಹೇಗೂ ಅಗಲವಾದದ್ದು, ಕರಾವಳಿಯ ಅಲೆಗೆ ಅದರಿಂದ ಅಂಥ ವ್ಯತ್ಯಾಸ ಬಾರದು.

ಅಲೆಗಣಿತ:
ಆ ಇಳಿಜಾರನ್ನು ಒರಟು ನಕ್ಷೆಯಿಂದ ನೇರ ತೆಗೆಯಬೇಡಿ. ಗೆಬ್ಕೋ ಎಂಬ ಕಡಲತಳದ ನಕ್ಷೆಯ 15 ಕೋನ-ಸೆಕೆಂಡ್ ಗ್ರಿಡ್‌ನಲ್ಲಿ ಕಣಿವೆ, ದಿಣ್ಣೆ ಎಲ್ಲ ಇವೆ, ಒಂದೊಂದೂ ಒಂದೊಂದು ಸುಳ್ಳು ಉಬ್ಬು ಕೊಡುತ್ತದೆ. ಮೊದಲು ನಕ್ಷೆಯನ್ನು ನಯಮಾಡಿ.

ಗೋಡೆಯ ಪ್ರಶ್ನೆಗೆ ಕಜಿಯುರಾ ಫಿಲ್ಟರ್ ಉತ್ತರ. ಕಡಲತಳದ ಉಬ್ಬು ಹಾಗೆಹಾಗೇ ನೀರಿನ ಮೇಲ್ಮೈಗೆ ಬರುವುದಿಲ್ಲ. ಒಂದೊಂದು ಅಲೆಯುದ್ದಕ್ಕೂ ಕಾಶ್(ಅಲೆಸಂಖ್ಯೆ × ಆಳ) ಎಂಬುದರಿಂದ ಭಾಗಿಸಬೇಕು (ಕಾಶ್ ಅಂದರೆ ಹೈಪರ್ಬಾಲಿಕ್ ಕೊಸೈನ್, ಅಲೆಸಂಖ್ಯೆ ಅಂದರೆ 2π ÷ ಅಲೆಯುದ್ದ). 7 ಕಿ.ಮೀ. ನೀರಿನಲ್ಲಿ 100 ಕಿ.ಮೀ. ಅಲೆಯುದ್ದ ಶೇ. 91ರಷ್ಟು ಮೇಲೆ ಬರುತ್ತದೆ, 50 ಕಿ.ಮೀ. ಆದರೆ ಶೇ. 71, 20 ಕಿ.ಮೀ. ಆದರೆ ಶೇ. 22, 10 ಕಿ.ಮೀ. ಆದರೆ ಬರೀ ಶೇ. 2.5. ಫೂರಿಯರ್ ರೂಪಾಂತರ, ಗುಣಾಕಾರ, ವಾಪಸ್. ಗೋಡೆ ತಾನಾಗಿ ಕರಗುತ್ತದೆ. ಇದನ್ನು ಬಿಟ್ಟರೆ ಶ್ಯಾಲೋ-ವಾಟರ್ ಕೋಡ್ ಆ ಗೋಡೆಯನ್ನೇ ಹೊತ್ತು ಕರಾವಳಿಗೆ ತರುತ್ತದೆ, ಎತ್ತರ ಸುಳ್ಳಾಗಿ ಏರುತ್ತದೆ. ಆಗ ಹೊಂದಾಣಿಕೆ ಚೆನ್ನಾಗಿದೆ ಅನ್ನಿಸಿದರೂ ಕಾರಣ ತಪ್ಪಾಗಿರುತ್ತದೆ.

ಮುಳುಗುಫಲಕ:
ಇದಕ್ಕೆ ಒಂದು ಮಾತು ಸೇರಿಸಬೇಕು. ಫಿಲ್ಟರ್‌ಗೆ ಒಂದೇ ಆಳ ಬೇಕು, ಆದರೆ ಮೂಲದ ಪ್ರದೇಶದಲ್ಲಿ ಆಳ 200 ಮೀ.ನಿಂದ 7.5 ಕಿ.ಮೀ.ವರೆಗೆ. ಸರಾಸರಿ 3 ಕಿ.ಮೀ. ಹಾಕಿದರೆ ಟ್ರೆಂಚ್ ಬಳಿ ಸಾಲದು, ಕರಾವಳಿ ಬಳಿ ಜಾಸ್ತಿ. ಚಿಕ್ಕ ತುಂಡುಗಳ ಫಾಲ್ಟ್ ಆದರೆ ಒಂದೊಂದು ತುಂಡಿನ ಉಬ್ಬಿಗೂ ಅದರ ಮೇಲಿನ ನೀರಿನ ಆಳ ಹಾಕಿ ಪ್ರತ್ಯೇಕ ಸೋಸಿ, ಆಮೇಲೆ ಕೂಡಿಸಿ.

ತಳಒತ್ತಡ:
ಇಷ್ಟು ಹೊತ್ತು ಯಾರೂ ಸಾನ್ರಿಕು ಕರಾವಳಿಯ ಕಮಾಯಿಶಿ ಎದುರಿನ ಕೇಬಲ್ ಮಾಪಕಗಳ ಹೆಸರೆತ್ತಲಿಲ್ಲ. ಟಿಎಂ1, ಟಿಎಂ2 ಎಂಬ ತಳದ ಒತ್ತಡ ಮಾಪಕಗಳ ದಾಖಲೆಯನ್ನು ಪರದೆಯ ಮೇಲೆ ತೆರೆದಿಟ್ಟುಕೊಳ್ಳಿ. ಟಿಎಂ1ರಲ್ಲಿ ನೀರು ಮೊದಲು ನಿಧಾನಕ್ಕೆ ಸುಮಾರು 2 ಮೀ. ಏರುತ್ತದೆ. ಆ ಏರಿಕೆಯ ಬೆನ್ನ ಮೇಲೆ ಥಟ್ಟನೆ ಇನ್ನೂ 3 ಮೀ.ನ ಚೂಪು ಶಿಖರ ಎದ್ದು, ಒಟ್ಟು 5 ಮೀ. ಮುಟ್ಟುತ್ತದೆ. ನಿಧಾನದ ಏರಿಕೆ ಆಳದ ಅಗಲವಾದ ಸ್ಲಿಪ್‌ನದು. ಚೂಪು ಶಿಖರ ಟ್ರೆಂಚ್ ಪಕ್ಕದ ಇಕ್ಕಟ್ಟಾದ ಸ್ಲಿಪ್‌ನದು. ಒಂದೇ ಆಯತ, ಒಂದೇ ಸಮ ಸ್ಲಿಪ್ ಇಟ್ಟುಕೊಂಡು ಈ ಎರಡು ಮೆಟ್ಟಿಲನ್ನು ಮೂಡಿಸಲು ಆಗದು. ಕರಾವಳಿಯ ಎತ್ತರಗಳನ್ನು ಬದಿಗಿಟ್ಟು ಮೊದಲು ಇದನ್ನು ಹೊಂದಿಸಿ. ಕರಾವಳಿಯಲ್ಲಿ ಕೊಲ್ಲಿಯ ಆಕಾರ, ನೆಲದ ಒರಟು ಎಲ್ಲ ಬೆರೆತಿರುತ್ತವೆ, ಇಲ್ಲಿ ಅವು ಇಲ್ಲ.

ಕಡಲತಳ:
ಮಾಪಕ ಮೂಲದ ಪ್ರದೇಶದ ಒಳಗೇ ಇದ್ದರೆ ಏನಾದರೂ ಬೇರೆ ಎಚ್ಚರ ಬೇಕಾ?

ತಳಒತ್ತಡ:
ಬೇಕೇ ಬೇಕು. ಒತ್ತಡ ಮಾಪಕ ಅಳೆಯುವುದು ತನ್ನ ಮೇಲಿನ ನೀರಿನ ಕಂಬ. ತಳ 4 ಮೀ. ಎದ್ದು, ನೀರಿನ ಮೇಲ್ಮೈಯೂ 4 ಮೀ. ಎದ್ದರೆ ಕಂಬದ ಉದ್ದ ಬದಲಾಗುವುದೇ ಇಲ್ಲ, ಮಾಪಕ ಸೊನ್ನೆ ತೋರಿಸುತ್ತದೆ. ಉಬ್ಬಿದ ನೀರು ಹರಿದುಹೋದ ಮೇಲೆ ಕಂಬ 4 ಮೀ. ಕಮ್ಮಿ, ದಾಖಲೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಮಾದರಿಯ ನೀರಿನ ಮೇಲ್ಮೈಯನ್ನು ನೇರ ಹೋಲಿಸಬೇಡಿ, ಮೇಲ್ಮೈಯಿಂದ ತಳದ ಏರಿಕೆ ಕಳೆದು ಹೋಲಿಸಿ. ಮೊದಲ ಕೆಲವು ನಿಮಿಷ ಭೂಕಂಪದ್ದೇ ಅಲೆಗಳು ಒತ್ತಡವನ್ನು ಕುಣಿಸುತ್ತವೆ, ಆ ಭಾಗವನ್ನು ತೆಗೆಯಿರಿ ಇಲ್ಲವೇ ಲೋ-ಪಾಸ್ ಹಾಕಿ. ಉಬ್ಬರವಿಳಿತ ಕಳೆಯುವುದಂತೂ ಹೇಳಬೇಕಾಗಿಲ್ಲ.

ಡಾರ್ಟ್‌ಗೂ ಇದೇ ಕ್ರಮ. ಜಪಾನ್‌ಗೆ ಹತ್ತಿರದ 21418ರಲ್ಲಿ ಶಿಖರ ಸುಮಾರು 1.8 ಮೀ., ಅಲ್ಲೂ ಭೂಕಂಪದ ಗದ್ದಲ ಮೊದಲು ಬರುತ್ತದೆ, ಸುನಾಮಿ ಆಮೇಲೆ.

ನಡುಕ_ಪತ್ರ:
ಸಾನ್ರಿಕು ಉತ್ತರ ಭಾಗದ ಬಗ್ಗೆ ಒಂದು ಎಚ್ಚರಿಕೆ. ಅತಿ ಹೆಚ್ಚು ಸ್ಲಿಪ್ ಇರುವುದು 38° ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. 40 ಮೀ. ಹತ್ತಿರದ ರನ್‌ಅಪ್ (ಅಲೆ ನೆಲದ ಮೇಲೆ ಏರಿದ ಎತ್ತರ) ಸಿಕ್ಕಿದ್ದು ಅದಕ್ಕೆ 100 ಕಿ.ಮೀ.ಗೂ ಉತ್ತರಕ್ಕೆ, ಮಿಯಾಕೋ ಕಡೆ. ಅದನ್ನು ವಿವರಿಸಲು ಎರಡು ವಾದಗಳಿವೆ. ಸತಾಕೆ ಮತ್ತು ಜೊತೆಗಾರರು 2013ರಲ್ಲಿ ಹೇಳಿದ್ದು, ಉತ್ತರದ ಟ್ರೆಂಚ್ ಪಕ್ಕದಲ್ಲೂ ಸ್ಲಿಪ್ ಆಯಿತು, ಆದರೆ ತಡವಾಗಿ. ಟ್ಯಾಪಿನ್ ಮತ್ತು ಜೊತೆಗಾರರು 2014ರಲ್ಲಿ ಅಲ್ಲೊಂದು ಕಡಲೊಳಗಿನ ಭೂಕುಸಿತ ಇತ್ತು ಎಂದರು. ನಿಮ್ಮ ಮಾದರಿ ಅಲ್ಲಿ ಸೋತರೆ ಗಾಬರಿ ಬೇಡ, ಆ ಕೊರತೆ ತುಂಬಲು ಎಲ್ಲ ಕಡೆಯ ಸ್ಲಿಪ್ ಏರಿಸಲೂ ಬೇಡಿ.

ಶಿಲಾಸ್ತರ:
ಭೂಕುಸಿತದ ವಾದ ನನಗೆ ಸುಲಭದ ದಾರಿಯಾಗಿ ಕಾಣುತ್ತದೆ. 1896ರ ಮೇಜಿ ಸಾನ್ರಿಕು ಸುನಾಮಿಯೂ ಅದೇ ಕರಾವಳಿಗೆ ಬಂತು, ನಡುಕ ಮೆಲ್ಲನೆ, ಅಲೆ ಭಯಂಕರ. ಟ್ರೆಂಚ್ ಪಕ್ಕದ ನಿಧಾನ ಸ್ಲಿಪ್ ಅಲ್ಲಿ ಹೊಸದೇನಲ್ಲ.

ನಡುಕ_ಪತ್ರ:
ಸಾಧ್ಯತೆ ತಳ್ಳಿಹಾಕಲಾಗದು ಅಷ್ಟೇ. ಅಲೆಯ ಅವಧಿ ಕೆಲವೇ ನಿಮಿಷದಷ್ಟು ಚಿಕ್ಕದಿದ್ದಾಗ ಇಕ್ಕಟ್ಟಾದ ಸ್ಲಿಪ್ ಮತ್ತು ಭೂಕುಸಿತ ಎರಡೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತವೆ.

ಕನಾಮೋರಿ 1972ರಲ್ಲಿ ಸುನಾಮಿ ಭೂಕಂಪ ಎಂದು ಹೆಸರಿಟ್ಟದ್ದು 1896ರಂಥವಕ್ಕೇ. 1992ರ ನಿಕರಾಗುವಾ, 2006ರ ಜಾವಾ ಆಮೇಲೆ ಅದೇ ಸಾಲಿಗೆ ಸೇರಿದವು. ಬಿರುಕು ಹಬ್ಬುವ ವೇಗ ಸೆಕೆಂಡಿಗೆ 1-1.5 ಕಿ.ಮೀ., ಮಾಮೂಲಿನ ಅರ್ಧದಷ್ಟು. ನಡುಕ ಕಮ್ಮಿ ಅನ್ನಿಸಿ ಜನ ಓಡುವುದಿಲ್ಲ. ಹೃದಯ ಹಿಂಡುವ ಸಂಗತಿ ಅದು.

ಮುಳುಗುಫಲಕ:
ಎಚ್ಚರಿಕೆಯ ಮಾತು ಬಂದದ್ದಕ್ಕೆ: ತೊಹೊಕು ಭೂಕಂಪ ಆದದ್ದು 14:46ಕ್ಕೆ. ಜಪಾನ್ ಹವಾಮಾನ ಸಂಸ್ಥೆ 14:49ಕ್ಕೇ ಎಚ್ಚರಿಕೆ ಕೊಟ್ಟಿತು, ಮ್ಯಾಗ್ನಿಟ್ಯೂಡ್ 7.9 ಅನ್ನುವ ಮೊದಲ ಅಂದಾಜಿನ ಮೇಲೆ. ಮಿಯಾಗಿಗೆ 6 ಮೀ., ಇವಾತೆ ಮತ್ತು ಫುಕುಶಿಮಾಗೆ 3 ಮೀ. ಎಂದಿತ್ತು. 2013ರಿಂದ ಕ್ರಮ ಬದಲಾಯಿತು. ಮ್ಯಾಗ್ನಿಟ್ಯೂಡ್ ಕಮ್ಮಿ ಅಂದಾಜಾಗಿರಬಹುದು ಅನ್ನಿಸಿದರೆ ಮೊದಲ ಪ್ರಕಟಣೆಯಲ್ಲಿ ಮೀಟರ್ ಲೆಕ್ಕ ಕೊಡದೆ ಅಲೆ ಭಾರಿ ಎಂದಷ್ಟೇ ಹೇಳುತ್ತಾರೆ. 3 ಮೀ. ಅನ್ನುವ ಸಂಖ್ಯೆ ಕಿವಿಗೆ ಬಿದ್ದರೆ ಇಷ್ಟೇ ತಾನೆ ಅಂತ ನಿಂತುಬಿಡುವವರು ಇರುತ್ತಾರೆ, ಅದಕ್ಕೆ ಈ ಬದಲಾವಣೆ ನನಗೆ ಸರಿ ಕಾಣುತ್ತದೆ.

ಗ್ರಿಡ್_ಮೇಸ್ತ್ರಿ:
ಮತ್ತೆ ಮಾದರಿಗೆ ಬರೋಣ. ಕಾಲದ ಹೆಜ್ಜೆ ಎಷ್ಟು ಇಟ್ಟಿದ್ದೀರಿ?

ಕಡಲತಳ:
30 ಕೋನ-ಸೆಕೆಂಡ್ ಗ್ರಿಡ್‌ಗೆ 3 ಸೆಕೆಂಡ್. ಟ್ರೆಂಚ್ ಮೇಲೆ ಸಣ್ಣ ಚೌಕುಳಿ ಗದ್ದಲ ಶುರುವಾಗಿ ಬೆಳೆಯುತ್ತದೆ.

ಗ್ರಿಡ್_ಮೇಸ್ತ್ರಿ:
8000 ಮೀ. ಆಳದಲ್ಲಿ ಅಲೆಯ ವೇಗ ಸೆಕೆಂಡಿಗೆ 280 ಮೀ. ಗ್ರಿಡ್ ಅಂತರ 925 ಮೀ. ಹಿಡಿದರೆ ಕಾಲದ ಹೆಜ್ಜೆಯ ಮಿತಿ 925 ÷ (1.41 × 280), ಅಂದರೆ 2.3 ಸೆಕೆಂಡ್. 3 ಇಟ್ಟರೆ ಸಿಡಿಯದೆ ಇರುತ್ತದೆಯೇ? ರೇಖಾಂಶದ ಕಡೆ ಅಂತರ ಇನ್ನೂ ಕಿರಿದು, 38°ಯಲ್ಲಿ 730 ಮೀ. ಅಷ್ಟೇ, ಆದ್ದರಿಂದ 1.5 ಇಡಿ. ಕರಾವಳಿಗೆ ಒಂದರೊಳಗೊಂದು ಗ್ರಿಡ್, ಪ್ರತಿ ಹಂತಕ್ಕೂ 3 ಅಥವಾ 5 ಪಟ್ಟು ಸಣ್ಣದು. ಮ್ಯಾನಿಂಗ್ ಗುಣಾಂಕ (ತಳದ ಒರಟುತನದ ಅಳತೆ) 0.025ರಿಂದ ಶುರುಮಾಡಿ.

ಅಲೆಗಣಿತ:
ಬಿರುಕು ಹಬ್ಬುವ ಕಾಲವನ್ನು ಸೇರಿಸಬೇಕಾ ಎಂದು ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಬಿರುಕು ಸೆಕೆಂಡಿಗೆ 2-3 ಕಿ.ಮೀ. ಹಬ್ಬುತ್ತದೆ, ಸುನಾಮಿ ಆಳ ನೀರಿನಲ್ಲೂ 0.2 ಕಿ.ಮೀ. ಮಾತ್ರ. 8ರ ಆಸುಪಾಸಿನ ಮ್ಯಾಗ್ನಿಟ್ಯೂಡ್‌ಗೆ ಎಲ್ಲವೂ ಒಂದೇ ಕ್ಷಣದಲ್ಲಿ ಎದ್ದಿತು ಅಂದುಕೊಂಡರೆ ನಷ್ಟವಿಲ್ಲ. 2004ರ ಡಿಸೆಂಬರ್ 26ರದ್ದು ಹಾಗಲ್ಲ. ಸುಮಾತ್ರಾದಿಂದ ಅಂಡಮಾನ್‌ವರೆಗೆ 1300 ಕಿ.ಮೀ., ಎಂಟು-ಹತ್ತು ನಿಮಿಷ. ಉತ್ತರದ ತುದಿ ಜಾರುವಷ್ಟರಲ್ಲಿ ದಕ್ಷಿಣದ ಅಲೆ 100 ಕಿ.ಮೀ. ಹೋಗಿರುತ್ತದೆ. ತೊಹೊಕುಗೆ ಬಿರುಕಿನ ವೇಗ ಅಷ್ಟು ಮುಖ್ಯ ಅಲ್ಲ, ಉತ್ತರದ ತಡವಾದ ಸ್ಲಿಪ್ ಪರೀಕ್ಷಿಸುವುದಾದರೆ ಮಾತ್ರ ಪ್ರತಿ ತುಂಡಿಗೂ ಶುರುವಾಗುವ ಸಮಯ ಕೊಡಿ.

ತಳಒತ್ತಡ:
ಪೆಸಿಫಿಕ್ ಆಚೆಯ ಮಾಪಕಗಳನ್ನು ಬಳಸುವುದಾದರೆ ಮಾದರಿಯ ಅಲೆ ಹತ್ತು-ಹದಿನೈದು ನಿಮಿಷ ಬೇಗ ಬರುತ್ತದೆ. ಅದಕ್ಕೆ ಫಾಲ್ಟ್ ಅನ್ನು ಹಿಂದಕ್ಕೆ ಸರಿಸುವವರಿದ್ದಾರೆ, ದಯವಿಟ್ಟು ಬೇಡ. ನೀರಿನ ಭಾರಕ್ಕೆ ಭೂಮಿ ಸ್ವಲ್ಪ ಬಾಗುವುದು, ಸಮುದ್ರದ ನೀರು ಆಳದಲ್ಲಿ ಒತ್ತಿ ಸಾಂದ್ರವಾಗಿರುವುದು, ಸರಿದ ನೀರಿನಿಂದ ಗುರುತ್ವ ಬದಲಾಗುವುದು, ಈ ಮೂರನ್ನೂ ಮಾಮೂಲಿ ಕೋಡ್ ಲೆಕ್ಕಕ್ಕೆ ಹಿಡಿದಿರುವುದಿಲ್ಲ. 2010ರ ಚಿಲಿ ಸುನಾಮಿಯಲ್ಲಿ ಇದು ಎಲ್ಲರ ಗಮನಕ್ಕೆ ಬಂತು. ಮೊದಲ ಅಲೆಗೆ ಮುಂಚೆ ಬರುವ ಸಣ್ಣ ತಗ್ಗೂ ಇದರದ್ದೇ.

ಶಿಲಾಸ್ತರ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 1700ರ ಜನವರಿ 26ರ ಕ್ಯಾಸ್ಕೇಡಿಯಾ ಭೂಕಂಪಕ್ಕೆ ಮಾಪಕವೇ ಇರಲಿಲ್ಲ. ಜಪಾನಿನ ಊರುಗಳ ದಾಖಲೆಯಲ್ಲಿ ಉಳಿದ ಅಲೆಯ ಎತ್ತರ, ಉತ್ತರ ಅಮೆರಿಕದ ತೀರದಲ್ಲಿ ಮುಳುಗಿ ಸತ್ತ ಮರಗಳು, ಇಷ್ಟರಿಂದಲೇ ಮ್ಯಾಗ್ನಿಟ್ಯೂಡ್ 9ರ ಆಸುಪಾಸು ಎಂದು ತೀರ್ಮಾನ. ದೂರದ ಅಲೆ ಮೊತ್ತ ಹೇಳುತ್ತದೆ, ಹಂಚಿಕೆ ಹೇಳುವುದಿಲ್ಲ ಅನ್ನುವ ಮೇಲಿನ ಮಾತಿಗೆ ಇದಕ್ಕಿಂತ ನೇರ ಉದಾಹರಣೆ ಸಿಗಲಾರದು. ಅಲ್ಲಿ ಟ್ರೆಂಚ್ ಪಕ್ಕ ಎಷ್ಟು ಜಾರಿತು ಅನ್ನುವುದು ಜಪಾನಿನ ದಾಖಲೆಯಿಂದ ಬರುವುದಿಲ್ಲ.

ಕಡಲತಳ:
ಒಂದೇ ಆಯತ ಬಿಟ್ಟು ತುಂಡುಗಳಿಗೆ ಹೋಗುತ್ತೇನೆ. ನೆಲದ ಮೇಲಿನ ಜಿಪಿಎಸ್, ಡಾರ್ಟ್, ಕೇಬಲ್ ಮಾಪಕ ಮೂರನ್ನೂ ಸೇರಿಸಿ ಇನ್ವರ್ಶನ್ (ಅಳತೆಗಳಿಂದ ಹಿಂದಕ್ಕೆ ಹೋಗಿ ಸ್ಲಿಪ್ ಕಂಡುಹಿಡಿಯುವ ಲೆಕ್ಕ) ಮಾಡಬೇಕೆಂದಿದೆ. ತೂಕ ಹೇಗೆ ಹಂಚಲಿ?

ನಡುಕ_ಪತ್ರ:
ನೆಲದ ಜಿಪಿಎಸ್ ನೂರಾರು ಕೇಂದ್ರ, ಮಿಲಿಮೀಟರ್ ನಿಖರತೆ. ದೋಷದ ಅಂದಾಜನ್ನಷ್ಟೇ ನಂಬಿ ತೂಕ ಕೊಟ್ಟರೆ ಅದೇ ಎಲ್ಲವನ್ನೂ ಆಳುತ್ತದೆ. ಅದಕ್ಕೆ 200 ಕಿ.ಮೀ. ದೂರದ ಟ್ರೆಂಚ್ ಕಾಣುವುದೇ ಇಲ್ಲ. ಅಲ್ಲಿ 10 ಮೀ. ಇಟ್ಟರೂ 50 ಮೀ. ಇಟ್ಟರೂ ಆಳದ ಸ್ಲಿಪ್ ಸ್ವಲ್ಪ ಹೊಂದಿಸಿಕೊಂಡು ಜಿಪಿಎಸ್ ಸುಮ್ಮನಿರುತ್ತದೆ. ಆಮೇಲೆ ಸ್ಮೂತಿಂಗ್ (ಪಕ್ಕಪಕ್ಕದ ತುಂಡುಗಳ ಸ್ಲಿಪ್ ನಯವಾಗಿ ಬದಲಾಗಲಿ ಎಂಬ ಷರತ್ತು) ಬಂದು ಕಾಣದ ಜಾಗವನ್ನು ಸರಾಸರಿಯಿಂದ ತುಂಬುತ್ತದೆ. ಅದನ್ನು ಫಲಿತಾಂಶ ಎಂದು ನಂಬುವುದು ದೊಡ್ಡ ತಪ್ಪು. ಕಡಲತಳದ ಜಿಪಿಎಸ್-ಅಕೂಸ್ಟಿಕ್ ಕೇಂದ್ರಗಳನ್ನು (ತಳದ ಸರಿತವನ್ನು ಶಬ್ದದ ಮೂಲಕ ಅಳೆಯುವವು) ತಪ್ಪದೆ ಸೇರಿಸಿ, ತೊಹೊಕುವಿನಲ್ಲಿ ಅವು 24 ಮೀ., 31 ಮೀ. ಸರಿತ ತೋರಿಸಿದವು. ಪ್ರತಿ ಗುಂಪಿನ ತೂಕ ಬದಲಿಸಿ ಓಡಿಸಿ, ಟ್ರೆಂಚ್ ಸ್ಲಿಪ್ ಎಷ್ಟು ಅಲ್ಲಾಡುತ್ತದೆ ನೋಡಿ. ಚದುರಂಗದ ಮನೆ ಮಾದರಿಯ ಸ್ಲಿಪ್ ಇಟ್ಟು ಅದು ಮರಳಿ ಬರುತ್ತದೆಯೇ ಅನ್ನುವ ಪರೀಕ್ಷೆಯನ್ನೂ ಒಂದೊಂದು ದತ್ತಾಂಶಕ್ಕೆ ಪ್ರತ್ಯೇಕವಾಗಿ ಮಾಡಿ. ಸ್ಲಿಪ್ ಹಿಮ್ಮುಖ ಹೋಗದ ಹಾಗೆ ಋಣವಲ್ಲದ ಲೀಸ್ಟ್ ಸ್ಕ್ವೇರ್ಸ್ ಬಳಸಿ.

ಕಡಲತಳ:
ಟ್ರೆಂಚ್ ಪಕ್ಕದ ಸಾಲಿಗೆ 10 × 10 ಕಿ.ಮೀ. ತುಂಡು ಇಟ್ಟರೆ ಹೆಚ್ಚು ವಿವರ ಸಿಗುತ್ತದಾ?

ಅಲೆಗಣಿತ:
ಸಿಗುವುದಿಲ್ಲ. ಮೇಲೆ ಕೊಟ್ಟ ಸಂಖ್ಯೆ ನೋಡಿ, 7 ಕಿ.ಮೀ. ನೀರು 20 ಕಿ.ಮೀ. ಅಲೆಯುದ್ದದ ಶೇ. 22 ಮಾತ್ರ ಬಿಟ್ಟುಕೊಡುತ್ತದೆ. ಅದಕ್ಕಿಂತ ಸಣ್ಣ ವಿವರ ನೀರಿನಲ್ಲೇ ಅಳಿಸಿಹೋಗಿದೆ, ಇನ್ವರ್ಶನ್ ಅದನ್ನು ಹುಟ್ಟಿಸಲಾರದು. ಸ್ಟ್ರೈಕ್ ಉದ್ದಕ್ಕೆ 50 ಕಿ.ಮೀ., ಡಿಪ್ ಕಡೆಗೆ 25 ಕಿ.ಮೀ. ಸಾಕು.

ಗ್ರಿಡ್_ಮೇಸ್ತ್ರಿ:
ಟ್ರೆಂಚ್ ಬಾಗುವ ಕಡೆ ಆಯತಗಳ ನಡುವೆ ಸಂದು ಬೀಳುತ್ತದೆ ಅಥವಾ ಒಂದರ ಮೇಲೊಂದು ಏರುತ್ತದೆ. ಮೇಲಂಚು ಕಡಲತಳಕ್ಕೆ ಹತ್ತಿರ ಇದ್ದಾಗ ಆ ಸಂದಿನಲ್ಲೇ ಮುಳ್ಳಿನಂಥ ಉಬ್ಬು ತಗ್ಗು ಏಳುತ್ತವೆ. ಆ ಒಂದು ಸಾಲಿಗಾದರೂ ತ್ರಿಕೋನದ ತುಂಡು ಬಳಸಿ, ನಿಖೂ ಮತ್ತು ವಾಲ್ಟರ್ 2015ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಸರಿಹೊಂದುತ್ತದೆ. ಗ್ರೀನ್ ಫಂಕ್ಷನ್ (ಒಂದೊಂದು ತುಂಡು ಮಾಪಕಗಳಲ್ಲಿ ಮೂಡಿಸುವ ಅಲೆ) ತಯಾರಿಸುವಾಗ ಪ್ರತಿ ತುಂಡಿಗೂ 1 ಮೀ. ಸ್ಲಿಪ್, ಕಜಿಯುರಾ ಸೋಸಿದ ಮೇಲೆ ರೇಖೀಯ ಓಟ. ಕರಾವಳಿ ಟೈಡ್ ಗೇಜ್‌ಗಳನ್ನು ಮೊದಲ ಸುತ್ತಿಗೆ ಸೇರಿಸಬೇಡಿ, ಅಲ್ಲಿ ಅಲೆ ರೇಖೀಯವಾಗಿ ಉಳಿದಿರುವುದಿಲ್ಲ.

ಕಡಲತಳ:
ಸರಿ, ಟಿಎಂ1, ಟಿಎಂ2 ಮತ್ತು 21418ರಿಂದ ಶುರುಮಾಡುತ್ತೇನೆ. ಸ್ಮೂತಿಂಗ್ ತೂಕ ಎಲ್ಲ ಸಾಲಿಗೂ ಒಂದೇ ಇರಲಾ?

ನಡುಕ_ಪತ್ರ:
ಟ್ರೆಂಚ್ ಸಾಲಿಗೆ ಬೇರೆ ಇಡಿ, ಅದರ ಮೇಲಂಚಿನ ಆಚೆ ಸೊನ್ನೆ ಇದೆ ಎಂದು ಸ್ಮೂತಿಂಗ್ ಕೋಷ್ಟಕದಲ್ಲಿ ಅಡಗಿ ಕುಳಿತಿಲ್ಲವೇ ಅಂತ ಪರೀಕ್ಷಿಸಿ. ಲಾಪ್ಲಾಸಿಯನ್ (ಒಂದು ತುಂಡಿನ ಸ್ಲಿಪ್ ಅನ್ನು ಪಕ್ಕದವುಗಳ ಜೊತೆ ಹೋಲಿಸುವ ಸೂತ್ರ) ಬರೆಯುವಾಗ ಅಂಚಿನ ತುಂಡಿಗೆ ಪಕ್ಕದವನಿಲ್ಲ, ಹೆಚ್ಚಿನ ಕೋಡ್‌ಗಳು ಅಲ್ಲಿ ಸೊನ್ನೆ ತುಂಬಿಬಿಡುತ್ತವೆ. ಟ್ರೆಂಚ್ ಅಂಚನ್ನು ಮುಕ್ತವಾಗಿ ಬಿಟ್ಟು, ಉಳಿದ ಮೂರು ಅಂಚಿಗೆ ಮಾತ್ರ ಸೊನ್ನೆ ಇಡಿ.